ಬಾಗಿಲಾಚೆ ನಿಂತ ಮೂವರು

ಅಶ್ದೋದ್
೭ ಫೆಬ್ರವರಿ ೨೦೧೯, ಗುರುವಾರ

ಪ್ರೀತಿಯ ಅಯೆಲೆತ್,

ನಿನ್ನಪ್ಪ ಬಂದರಿಗೆ ಹೋಗಿದ್ದಾರೆ, ಮಧ್ಯಾಹ್ನದ ಪಾಳಿ. ಮನೆಯಲ್ಲಿ ನಾನೊಬ್ಬಳೇ. ಸಬ್ಬತ್ತಿನ ಅಡುಗೆಗೆ ಕೋಳಿ ತೊಳೆದಿಟ್ಟು, ಅದೇ ಮೇಜಿನ ಒಂದು ತುದಿ ಒರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ನೆತನ್ಯಾದಲ್ಲಿ ನಿನ್ನ ಭಾವಿ ಅತ್ತೆಮನೆಯ ಊಟವಾದ ಮೇಲೆ ನೀನು ಒಂದೇ ಸಲ ಫೋನ್ ಮಾಡಿದೆ. ಆಮೇಲೆ ನಾನು ಮಾಡಿದರೆ ಎತ್ತುತ್ತಿಲ್ಲ. ತಪ್ಪೆನ್ನುವುದಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ.

ಬರುವ ಬುಧವಾರ ನೀನು ಅಲ್ಲಿಯ ಮಿಕ್ವೆಗೆ, ಆ ಶುದ್ಧಿಸ್ನಾನದ ಕೊಳಕ್ಕೆ, ಹೋಗಬೇಕೆಂದು ನಿಶ್ಚಯವಾಗಿದೆಯಂತೆ. ನಿನ್ನ ಅತ್ತೆಯಾಗಲಿರುವ ಎಲ್ಯಾಶಿವ್‌ನ ತಾಯಿ ನಿನ್ನಪ್ಪನಿಗೆ ತಿಳಿಸಿದರು; ಪಾಪ, ಆಕೆಯೂ ಅಳುತ್ತಿದ್ದರಂತೆ. ನಿಲುವಂಗಿ ತೊಟ್ಟು ಕುತ್ತಿಗೆಯವರೆಗೆ ನೀರಿನಲ್ಲಿ ನಿಲ್ಲಬೇಕು. ಧರ್ಮಪೀಠದ ಮೂವರು ರಬ್ಬಿಗಳು ಬಂದು ನೋಡುತ್ತಿರುವಾಗ ತಲೆ ಮುಳುಗಿಸಿ ಏಳಬೇಕು. ಅವರು ಹೊರಟುಹೋದ ಮೇಲೆ ಅಂಗಿ ತೆಗೆದು, ಅಲ್ಲಿಯ ಹೆಂಗಸೊಬ್ಬಳ ಎದುರಿಗೆ ಮತ್ತೆ ಮುಳುಗಬೇಕು. ಹುಟ್ಟಿದಾಗಿನಿಂದ ಯೆಹೂದ್ಯಳಾಗಿ ಬೆಳೆದ ನೀನು, ಮದುವೆಗೆ ಒಂದು ತಿಂಗಳಿರುವಾಗ, ಯೆಹೂದ್ಯಳಾಗಲು ಹೊರಟಿದ್ದೀಯ. ನೀನು ಕಲಿಸುವ ಶಿಶುವಿಹಾರಕ್ಕೆ ಮಗುವಿನ ತಂದೆ ಒಬ್ಬನೇ ಮಾತಾಡಲು ಬಂದರೆ ಬಾಗಿಲು ತೆರೆದಿಟ್ಟು ಮಾತಾಡುವವಳು ನೀನು. ಆಗಸ್ಟಿನ ಸೆಕೆಯಲ್ಲೂ ತೋಳು ಮಡಿಸದವಳು. ನಿನ್ನನ್ನು ಆ ನೀರಿಗೆ ದೂಡಿದ್ದು ನನ್ನ ಬಾಯಿ.

ಆ ಊಟವನ್ನು ದಿನವೂ ನೆನೆಯುತ್ತೇನೆ. ಎಲ್ಯಾಶಿವ್‌ನ ಅಜ್ಜಿ ಮಾಂಸ ತುಂಬಿದ ಆಲೂಗಡ್ಡೆಯನ್ನು ನನ್ನ ತಟ್ಟೆಗೆ ಹಾಕುತ್ತಲೇ ಇದ್ದರು. “ತಿನ್ನಮ್ಮ, ರಷ್ಯಾದೋರು ಬರೀ ಎಲೆಕೋಸು ತಿಂದೇ ಬೆಳ್ಳಗಾಗಿರೋದು” ಎಂದು ಎಲ್ಲರನ್ನೂ ನಗಿಸಿದರು. ನಾನು ಬೆಲಾರೂಸಿನವಳು ಎಂದೆ. “ಅಲ್ಲೇನು ಎಲೆಕೋಸು ಬೆಳೆಯಲ್ವಾ?” ಎಂದರು. ಅವರ ತ್ರಿಪೋಲಿಯ ಮಾತಿನ ಧಾಟಿ ನಿನ್ನಪ್ಪನಿಗೆ ಬಹಳ ಹಿಡಿಸಿತು. ಎರಡು ಲೋಟ ಅರಾಕ್ ಒಳಗೆ ಹೋಗಿತ್ತು. ನಮ್ಮ ಕಡೆಯಿಂದಲೂ ಒಂದು ನಗೆ ಇರಲಿ ಎನ್ನಿಸಿರಬೇಕು. “ಹೇಳೇ ಝಾನ್ನಾ, ಫ್ರೇಹಾನ ಕಥೆ ಹೇಳು. ಇವರಿಗೆ ನಮ್ಮ ಅಶ್ದೋದಿನ ಹೆಂಗಸರು ಅಂದ್ರೆ ಏನು ಅಂತ ಗೊತ್ತಾಗಲಿ” ಎಂದರು. ನಾನು ಬೇಡವೆಂದೆ. ನೀನೇ, ಮಗಳೇ, ನೀನೇ ನನ್ನ ತೋಳು ಹಿಡಿದು, “ಹೇಳಮ್ಮ, ಚಪ್ಪಲಿ ಭಾಗ ಬಿಡಬೇಡ” ಎಂದೆ.

ಹೇಳಿದೆ. ಮಿಕ್ವೆಗಿಳಿದು ನಾನು ಯೆಹೂದ್ಯಳಾದ ದಿನದ್ದು; ಎಷ್ಟೋ ಸಲ ಹೇಳಿ ನುಣುಪಾದ ಕಥೆ, ತಾನಾಗಿಯೇ ಉರುಳುತ್ತದೆ. ಮೂವರು ರಬ್ಬಿಗಳು ಗಡ್ಡ ಸವರಿಕೊಳ್ಳುತ್ತ ಮಿಕ್ವೆಯ ಒಳಬಾಗಿಲಿಗೆ ಬಂದದ್ದು. ಮಿಕ್ವೆ ನೋಡಿಕೊಳ್ಳುವ ಫ್ರೇಹಾ ಬಾಗಿಲಿಗಡ್ಡ ಎರಡು ಕೈ ಚಾಚಿ ನಿಂತದ್ದು. “ಒಳಗೆ ನಡುಗ್ತಾ ಇರೋಳು ಒಬ್ಬ ಹೆಣ್ಣುಮಗಳು, ಸಂತೆಗೆ ತಂದ ಮೀನಲ್ಲ! ನಿಮಗೆ ಕಿವಿ ಇದೆ ತಾನೆ? ಇಲ್ಲೇ ನಿಂತು ಕೇಳಿಸ್ಕೊಳ್ಳಿ!” ಎಂದು ಚಪ್ಪಲಿ ಕೈಗೆ ತೆಗೆದುಕೊಂಡದ್ದು. ಬಾಗಿಲು ಜಡಿದು ನನ್ನನ್ನು ತಾನೊಬ್ಬಳೇ ಮುಳುಗಿಸಿ, ಸರಿಯಾಯಿತೆಂದು ಮೂರು ಸಲವೂ ಬೀದಿಗೆ ಕೇಳುವಂತೆ “ಕೋಶರ್!” ಎಂದು ಕೂಗಿದ್ದು. ಹೊರಗೆ ಮೂವರೂ ಶಾಲೆಯ ಹುಡುಗರ ಹಾಗೆ ಗೋಡೆಗೊರಗಿ “ಆಮೆನ್” ಎಂದದ್ದು.

ಎಲ್ಲರೂ ನಕ್ಕರು. ಎಲ್ಯಾಶಿವ್ ಕಣ್ಣೊರೆಸಿಕೊಂಡ. ಅಜ್ಜ ರಹಮೀಮ್ ಮಾತ್ರ ಚಮಚ ಕೆಳಗಿಟ್ಟರು. ಬಹಳ ಮೆಲ್ಲಗೆ ಕೇಳಿದರು: “ಅಂದ್ರೆ ಅವರು ಮೂವರೂ ನೋಡಲಿಲ್ವಾ, ತಾಯಿ?” ನಗುವಿನ ಭರದಲ್ಲಿ ನಾನು, “ನೋಡೋದಕ್ಕೆ ಫ್ರೇಹಾ ಬಿಟ್ರೆ ತಾನೆ!” ಎಂದುಬಿಟ್ಟೆ.

ಅವರನ್ನು ಬೈಯಬೇಡ. ಹೊರಡುವಾಗ ಮೆಟ್ಟಿಲವರೆಗೂ ಬಂದರು. “ನನಗೆ ಕೇಳಿಸದೇ ಇದ್ದಿದ್ರೆ ಚೆನ್ನಾಗಿತ್ತಮ್ಮ. ಕೇಳಿಸಿಬಿಡ್ತು” ಎಂದರು. ಕೇಳಿಸಿಕೊಂಡದ್ದನ್ನು ಅವರು ತಮ್ಮ ಊರಿನ ಧರ್ಮಪೀಠಕ್ಕೆ ಹೇಳದೆ ಇರಲಾರರು; ಮತಾಂತರ, ಮದುವೆಗಳನ್ನು ತೀರ್ಮಾನಿಸುವ ಆ ಪೀಠ ಕಟ್ಟುನಿಟ್ಟಿನದು. ಮೂವರು ಕಣ್ಣಾರೆ ನೋಡದೆ ಮುಳುಗಿದ್ದು ಸಂಶಯಕ್ಕೆ ಎಡೆ. ನಾನು ಯೆಹೂದ್ಯಳಾದದ್ದು ಸಂಶಯವಾದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ನೀನೂ ಸಂಶಯ. ನನ್ನ ಪತ್ರದ ಮೇಲೆ ಮೂವರ ಸಹಿಯಿದೆ. ಆದರೆ ಮುಳುಗಿದವಳೇ ತುಂಬಿದ ಮೇಜಿನಲ್ಲಿ ಹೀಗೆಂದ ಮೇಲೆ ಸಹಿ ಏನು ಮಾಡೀತು? ಆ ಮೂವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರು ವೃದ್ಧಾಶ್ರಮದಲ್ಲಿ ತಮ್ಮ ಮಗನನ್ನೇ ಗುರುತಿಸುವುದಿಲ್ಲವಂತೆ. ಫ್ರೇಹಾಳಂತೂ ಹೋಗಿ ವರ್ಷಗಳಾದವು.

ಆಮೇಲೆ ನಿನ್ನ ಫೋನು. ನೀನು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನೀನು ಕೂಗಲಿಲ್ಲ. “ನಿನಗೆ ಫ್ರೇಹಾ ಇದ್ಲು. ನನಗೆ ಯಾರಮ್ಮ ಇದ್ದಾರೆ ಬಾಗಿಲಲ್ಲಿ ನಿಲ್ಲೋಕೆ?” ಎಂದೆ. ನೀನೇ ಫೋನ್ ಇಟ್ಟುಬಿಟ್ಟೆ.

ಅಂದಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಬರೆದು ಹರಿದು ಮತ್ತೆ ಬರೆಯುತ್ತಿದ್ದೇನೆ. ಈಗ ನೇರವಾಗಿ ಬರೆಯುತ್ತೇನೆ. ನನಗೂ ಫ್ರೇಹಾ ಇರಲಿಲ್ಲ, ಅಯೆಲೆತ್. ಫ್ರೇಹಾ ಎಂಬ ಹೆಂಗಸು ಇದ್ದಳು, ನಿಜ. ಆದರೆ ಬಾಗಿಲಿಗೆ ಯಾರೂ ಅಡ್ಡ ನಿಲ್ಲಲಿಲ್ಲ. ಮೂವರೂ ಒಳಗೆ ಬಂದರು. ನೋಡಿದರು.

ಗೊಮೆಲ್‌ನಲ್ಲಿ ನಾನು ಯಾವ ರೀತಿಯ ಹುಡುಗಿಯಾಗಿದ್ದೆ ಎಂದು ನಿನಗೆ ಹೇಳಿಲ್ಲ, ಹೇಳುವಂಥದ್ದಲ್ಲ ಎಂದುಕೊಂಡಿದ್ದೆ. ನಮ್ಮ ಊರಿನ ನದಿ ಸೋಝ್. ಬೇಸಗೆಯಲ್ಲಿ ಕಾರ್ಖಾನೆಯವರೆಲ್ಲ ಅದರ ಮರಳಿನ ಮೇಲೆ. ಅರ್ಧ ಕಾರ್ಖಾನೆಯ ಎದುರಿಗೆ ಎರಡು ಚೂರು ಬಟ್ಟೆಯಲ್ಲಿ ಈಜುತ್ತಿದ್ದೆ. ನಿನ್ನಪ್ಪ ನನ್ನನ್ನು ಮೊದಲು ಕಂಡದ್ದೇ ಅಲ್ಲಿ, ಒದ್ದೆ ಕೂದಲಲ್ಲಿ ಕಲ್ಲಂಗಡಿ ತಿನ್ನುತ್ತಿದ್ದಾಗ. ಆಗ ಮೂವರು ಮುದುಕರು ಬಂದು ನಿಂತಿದ್ದರೆ ಅವರಿಗೂ ಒಂದು ಹೋಳು ಕೊಡುತ್ತಿದ್ದೆ.

ನಿನ್ನಪ್ಪ ಹುಟ್ಟಿನಿಂದ ಯೆಹೂದ್ಯರು, ನಾನಲ್ಲ; ಇಲ್ಲಿಗೆ ಬಂದ ಮೇಲೆ ಯೆಹೂದ್ಯಳಾಗಲು ಎರಡು ವರ್ಷ ಪಾಠಕ್ಕೆ ಹೋದೆ. ಕಲಿಸುತ್ತಿದ್ದವರು ರಬ್ಬಿಯೊಬ್ಬರ ಹೆಂಡತಿ, ತ್ಸಿಪ್ಪೋರಾ ಅಂತ. ಒಳ್ಳೆಯ ಹೆಂಗಸು. ಮೊಣಕೈ ಯಾಕೆ ಮುಚ್ಚಬೇಕು, ಕೊರಳ ಮೂಳೆ ಯಾಕೆ ಕಾಣಬಾರದು, ಗಂಡಸಿನ ಕೈ ಯಾಕೆ ಕುಲುಕಬಾರದು ಎಂದು ಹೇಳಿಕೊಟ್ಟರು. ಮೊದಮೊದಲು ನನಗೆ ನಗು. “ನಗು, ನಗು. ಒಂದಿನ ನಿನ್ನ ಮೈ ನಿನ್ನದು ಅನ್ನಿಸುತ್ತೆ, ಆಗ ಹೇಳು” ಎನ್ನುತ್ತಿದ್ದರು. ನಿಜವಾಗಿಯೂ ಹಾಗೆ ಅನ್ನಿಸಿತು. ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ, ಉದ್ದ ತೋಳಿನೊಳಗೆ ನಾನು ನನ್ನದೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತ ಹಾಗೆ. ಅದು ನನಗೆ ಇಷ್ಟವಾಯಿತು. ದೇವರ ವಿಷಯದಲ್ಲಿ ನನಗೆ ಮೊದಲು ಅರ್ಥವಾದದ್ದೇ ಅದು. ನಾಚಿಕೆಯನ್ನು ನಾನು ಅವರಿಂದ ಕಲಿತೆ, ಚೆನ್ನಾಗಿ ಕಲಿತೆ. ಕಲಿತು ಮುಗಿದ ದಿನ ನೀರಿಗಿಳಿ ಎಂದರು, ಮೂವರು ಗಂಡಸರು ನೋಡುತ್ತಾರೆ ಎಂದರು.

ತ್ಸಿಪ್ಪೋರಾ ಅದನ್ನು ಕೊನೆಯ ಪಾಠದಲ್ಲಷ್ಟೇ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. “ಕತ್ತು ಬಿಟ್ಟು ಏನೂ ಕಾಣಲ್ಲಮ್ಮ, ಅಂಗಿ ಇರುತ್ತೆ, ನೀರು ಇರುತ್ತೆ” ಎಂದರು.

ಮಿಕ್ವೆಯಲ್ಲಿ ಫ್ರೇಹಾ ನನಗೆ ಬಿಳಿ ಹತ್ತಿಯ ನಿಲುವಂಗಿ ಕೊಟ್ಟಳು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದುದನ್ನು ಕಂಡು, “ಯಾಕೆ ಹೀಗೆ ನಡುಗ್ತೀಯ ಕಣೇ? ಹೆರಿಗೆ ಮಾಡ್ಸೋ ಡಾಕ್ಟ್ರು ಗಂಡಸಲ್ವಾ? ಕಣ್ಣು ಮುಚ್ಕೊಂಡು ಮುಗಿಸಿಬಿಡು, ಆಮೇಲೆ ಚಾ ಕೊಡ್ತೀನಿ” ಎಂದಳು. ಅವಳು ಮಾಡಿದ್ದು ಅಷ್ಟೇ. ಅಷ್ಟು ಮಾತ್ರ ಅವಳ ಕೈಲಿತ್ತು.

ಬಾಗಿಲ ಕಡೆ ಬೆನ್ನು ಮಾಡಿ ನಿಂತೆ. ಎದುರಿಗೆ ನೀಲಿ ಹೆಂಚಿನ ಗೋಡೆ, ಹೊಸದಾಗಿ ಹಾಕಿದ್ದು, ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಮೂರು ಕಪ್ಪು ಕೋಟು ಬಂದು ನಿಂತವು. ಅವರು ಕೆಟ್ಟವರಲ್ಲ, ಅಯೆಲೆತ್. ಅವರು ನೋಡಲೇಬೇಕಿತ್ತು, ಅದು ಅವರ ಕೆಲಸ. ಕೂದಲಿನ ಒಂದೆಳೆ ನೀರಿನ ಮೇಲಿದ್ದರೂ ಮುಳುಗಿದ ಹಾಗಲ್ಲ. ನಾನು ಮುಳುಗಿ ಎದ್ದೆ. ಮೂವರಲ್ಲಿ ಹಿರಿಯವರು, “ಆಗಲಿಲ್ಲ. ಇನ್ನೊಮ್ಮೆ, ಮಗಳೇ” ಎಂದರು. ಮತ್ತೆ ಮುಳುಗಿದೆ. “ಇನ್ನೊಮ್ಮೆ.” ಯಾಕೆ ಆಗಲಿಲ್ಲ, ಆ ಹೊತ್ತಿನಲ್ಲಿ ಅವರಿಗೆ ಏನೇನು ಕಂಡಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕತ್ತು ಬಿಟ್ಟು ಏನೂ ಕಾಣುವುದಿಲ್ಲ ಎಂದು ತ್ಸಿಪ್ಪೋರಾ ಹೇಳಿದ್ದು ಸುಳ್ಳಲ್ಲ. ಅವರು ಹುಟ್ಟಿನಿಂದ ಯೆಹೂದ್ಯರು, ಆ ಅಂಗಿ ತೊಟ್ಟು ಎಂದೂ ನೀರಿಗಿಳಿದವರಲ್ಲ. ಕೊನೆಗೆ “ಕೋಶರ್” ಎಂದರು. ಹೊರಗೆ ಹೋಗುತ್ತ ಒಬ್ಬರು ಇನ್ನೊಬ್ಬರನ್ನು, “ಕಾರು ಎಲ್ಲಿ ನಿಲ್ಲಿಸಿದ್ರಿ? ಅಲ್ಲಿ ದಂಡ ಹಾಕ್ತಾರೆ” ಎಂದು ಕೇಳಿದ್ದು ನನಗೆ ಕೇಳಿಸಿತು. ನನ್ನ ಬದುಕಿನ ಆ ಗಳಿಗೆ ಅವರಿಗೆ ಒಂದು ಮಧ್ಯಾಹ್ನದ ಕೆಲಸವಾಗಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಇವತ್ತಿಗೂ ನಿರ್ಧರಿಸಲು ಆಗಿಲ್ಲ.

ನಿನ್ನಪ್ಪ ಬೀದಿಯಲ್ಲಿ ಗಸಗಸೆ ಕೇಕು ಹಿಡಿದು ಕಾಯುತ್ತಿದ್ದರು. ಹಿಂದಿನ ದಿನವೆಲ್ಲ ಅವರು ಉಂಡಿರಲಿಲ್ಲ. ನನಗೋಸ್ಕರ ಇದೆಲ್ಲ ಮಾಡ್ತಿದೀಯ, ನನಗೋಸ್ಕರ ಗಂಡಸರ ಮುಂದೆ ನಿಲ್ತೀಯ ಎಂದು ಅದೊಂದೇ ಮಾತು. ನಾನು ಹೊರಗೆ ಬಂದಾಗ ಅವರು “ಹೇಗಾಯ್ತು?” ಎಂದು ಕೇಳಲಿಲ್ಲ. “ಅವರು ಒಳಗೆ ಬಂದ್ರಾ?” ಎಂದು ಕೇಳಿದರು. ಆ ಮುಖಕ್ಕೆ ನಾನು ಕೊಟ್ಟ ಉತ್ತರ, “ಫ್ರೇಹಾ ಬಿಡಲೇ ಇಲ್ಲ.” ಅವರು ಬೀದಿಯಲ್ಲೇ ಜೋರಾಗಿ ನಕ್ಕು ಕೇಕಿನ ಡಬ್ಬ ಬೀಳಿಸಿದರು. ಮೊದಲು ಇದ್ದದ್ದು ಆ ಒಂದು ವಾಕ್ಯ. ಚಾಚಿದ ಕೈಗಳು ಆಮೇಲೆ ಬಂದವು. ಚಪ್ಪಲಿ ನಿನ್ನಪ್ಪ ಸೇರಿಸಿದ್ದು. “ಆಮೆನ್” ನನ್ನದು.

ಫ್ರೇಹಾಳಿಗೆ ಅದು ಹೇಗೋ ತಲುಪಿತು. ನೀನು ಕೈಗೂಸಾಗಿದ್ದಾಗ ಮಾರ್ಕೆಟ್ಟಿನಲ್ಲಿ ಸಿಕ್ಕಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ನಿನ್ನ ಕೆನ್ನೆ ಹಿಂಡಿ, ಬದನೆಕಾಯಿ ಆರಿಸುತ್ತಲೇ, “ನಾನು ಚಪ್ಪಲಿ ಎತ್ತಿದ್ನಂತೆ? ಯಾವ ಕೈಲಿ ಎತ್ತಿದ್ದೆ, ಹೇಳಿಬಿಡು ಮಾರಾಯ್ತಿ. ಕೇಳಿದೋರಿಗೆ ನಾನೂ ಹಾಗೇ ಹೇಳ್ಬೇಕಲ್ಲ” ಎಂದಳು. ಎಡಗೈ ಎಂದೆ. “ಸರಿ, ಎಡಗೈ” ಎಂದಳು. ಬದನೆಕಾಯಿ ಚೀಲಕ್ಕೆ ಹಾಕಿಕೊಂಡು, ನಗದೆ, “ಎತ್ತಬೇಕಿತ್ತು ಕಣೇ” ಎಂದಳು. ಅದರ ಬಗ್ಗೆ ನಾವಿಬ್ಬರೂ ಮಾತಾಡಿದ್ದು ಅಷ್ಟೇ.

ನನ್ನ ವ್ಯಥೆ ಅವರು ನೋಡಿದ್ದರ ಬಗ್ಗೆ ಅಲ್ಲ, ಅದು ಎಂದೋ ಒಣಗಿತು. ನಾಲ್ಕು ವರ್ಷದವಳಾಗಿದ್ದಾಗ ನೀನು ಬಚ್ಚಲ ಬಾಗಿಲಲ್ಲಿ ಕೈ ಚಾಚಿ ನಿಂತು, ಒಳಗೆ ಬೊಂಬೆಯನ್ನು ಬೋಗುಣಿಯಲ್ಲಿ ಕೂರಿಸಿ, “ಯಾರೂ ಬರೋ ಹಾಗಿಲ್ಲ! ನಾನು ಫ್ರೇಹಾ!” ಎನ್ನುತ್ತಿದ್ದೆ. ನಾನು ಬಟ್ಟೆ ಮಡಿಸುತ್ತ ಅದನ್ನು ನೋಡಿ ನಗುತ್ತಿದ್ದೆ. ಹೆಣ್ಣು ನಡುಗುತ್ತ ನಿಂತಾಗ ಇನ್ನೊಬ್ಬ ಹೆಣ್ಣು ಬಾಗಿಲು ಕಾಯುತ್ತಾಳೆ ಎಂದು ನಂಬಿ ನೀನು ಬೆಳೆದೆ. ಬುಧವಾರ ಹೋಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರುವುದಿಲ್ಲ. ನಾನು ನಿಜವನ್ನೇ ಹೇಳಿ ಬೆಳೆಸಿದ್ದರೆ ನಿನಗೆ ಆ ನೀರಿಗೆ ಇಳಿಯುವ ಪ್ರಮೇಯವೇ ಬರುತ್ತಿರಲಿಲ್ಲ. ಬಂದಿದ್ದರೂ ಒಬ್ಬಳೇ ಇಳಿಯುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ನೆತನ್ಯಾದ ಧರ್ಮಪೀಠಕ್ಕೆ ಫೋನ್ ಮಾಡಿದೆ. ಗುಮಾಸ್ತ ಚುರುಕಾದವನು. ನಾನು ಹೇಳಿದ್ದನ್ನೆಲ್ಲ ಕೇಳಿ, “ಅಮ್ಮಾ, ತಪ್ಪು ತಿಳ್ಕೋಬೇಡಿ, ಮಗಳ ಮದುವೆ ಹತ್ರ ಬಂದಾಗ ಎಲ್ಲಾ ತಾಯಂದಿರಿಗೂ ನೆನಪಿನ ಶಕ್ತಿ ಜಾಸ್ತಿಯಾಗುತ್ತೆ” ಎಂದ. ನನಗೆ ಕೋಪ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಇಷ್ಟು ವರ್ಷ ಊರಿಗೆಲ್ಲ ಒಂದು ಹೇಳಿ, ಈಗ ಬೇಕಾದಾಗ ಇನ್ನೊಂದು ಹೇಳುವವಳು. ನಂಬುವಂತೆ ಹೇಳಬೇಕಾದರೆ ಅಂದು ಏನು ಕಂಡಿತು, ಯಾರು ಏನೆಂದರು, ನಾನು ಏನು ಮಾಡಿದೆ ಎಂದು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತದೆ ಎಂದ. ಆಮೇಲೆ ದನಿ ತಗ್ಗಿಸಿ, ಬಹುಶಃ ಮರುಕದಿಂದ, “ನಮ್ಮಲ್ಲಿ ಒಬ್ಬ ಹೆಂಗಸು ಇದ್ದಾರೆ. ಅವರ ಹತ್ರ ಹೇಳಿ. ಅವರು ಒಳಗೆ ಹೋಗಿ ರಬ್ಬಿಗಳಿಗೆ ತಿಳಿಸ್ತಾರೆ. ನೀವು ಹೊರಗೇ ಕೂತಿರಬಹುದು” ಎಂದ.

ನಾನು ಬೇಡವೆಂದೆ. ಒಳಗಿನಿಂದ ಒಬ್ಬ ಹೆಂಗಸು ಕೂಗಿ ಹೇಳಿದಳು, ರಬ್ಬಿಗಳು ಹೊರಗಿದ್ದು ಕೇಳಿದರು ಎಂಬ ಕಥೆಯಿಂದಲೇ ಇಷ್ಟೆಲ್ಲ ಆಗಿರುವುದು. ನೆತನ್ಯಾದ ಆ ರಬ್ಬಿಗಳ ಮುಂದೆ ನಾನೇ ಕುಳಿತು, ಅವರ ಮುಖ ನೋಡಿ ಹೇಳುತ್ತೇನೆ. ಅವರು ತಲೆ ತಗ್ಗಿಸಿದರೆ ಎತ್ತುವವರೆಗೆ ಕಾಯುತ್ತೇನೆ. ಅಂದು ಗೋಡೆಯ ಕಡೆ ಮುಖ ಮಾಡಿದ್ದೆ. ಈ ಸಲ ಹಾಗಲ್ಲ.

ಸೋಮವಾರ ಬೆಳಿಗ್ಗೆಗೆ ಬರಲು ಹೇಳಿದ್ದಾರೆ. ಶನಿವಾರ ಸಂಜೆ ಸಬ್ಬತ್ತು ಕಳೆದ ಮೇಲೆ ನಿನ್ನಪ್ಪನಿಗೆ ಹೇಳಬೇಕು. ಈ ಕಥೆಯನ್ನು ನನಗಿಂತ ಹೆಚ್ಚು ಸಲ ಹೇಳಿದವರು ಅವರು. ಬಂದರಿನಲ್ಲಿ ಕ್ರೇನು ನಡೆಸುವವರಿಗೆಲ್ಲ ಫ್ರೇಹಾ ಗೊತ್ತು. ಅವರು ನಗುವುದನ್ನು ಬಿಟ್ಟುಬಿಡುತ್ತಾರೇನೋ ಎಂದು ಹೆದರಿಕೆ. ಆದರೂ ಹೇಳುತ್ತೇನೆ.

ಧರ್ಮಪೀಠ ನನ್ನನ್ನು ನಂಬಿದರೆ ನೀನು ಬುಧವಾರ ನಿನ್ನ ಮಕ್ಕಳೊಡನೆ ಶಿಶುವಿಹಾರದಲ್ಲಿರುತ್ತೀಯ. ನಂಬದಿದ್ದರೆ ನಾನು ನಿನ್ನ ಜೊತೆ ಮಿಕ್ವೆಗೆ ಬರುತ್ತೇನೆ. ಬೇಡವೆಂದರೆ ಬೀದಿಯಲ್ಲಿ ನಿಂತಿರುತ್ತೇನೆ. ಫೋನ್ ಎತ್ತಬೇಕೆಂದು ಕೇಳುತ್ತಿಲ್ಲ. ಬೇಕಾದರೆ ಸೋಮವಾರ ಮಧ್ಯಾಹ್ನ ನೀನೇ ಧರ್ಮಪೀಠದಲ್ಲಿ ವಿಚಾರಿಸಿಕೋ.

ನಿನ್ನನ್ನು ಹೆತ್ತು, ನಿನ್ನ ಮುಂದೆ ಇಷ್ಟು ದಿನ ಮುಚ್ಚಿಕೊಂಡೇ ಇದ್ದ,
ಅಮ್ಮ

ಮರೆತಿದ್ದೆ: ಬುಧವಾರ ಹೋಗಲೇಬೇಕಾಗಿ ಬಂದರೆ ಅವರು ಕೊಡುವ ಬಿಳಿ ಅಂಗಿಯನ್ನು ತೊಡಬೇಡ, ಒದ್ದೆಯಾದರೆ ಅದು ಇದ್ದೂ ಇಲ್ಲದಂತೆ. ನಾನು ದಪ್ಪ ಕಡುನೀಲಿ ಬಟ್ಟೆಯಲ್ಲಿ ಒಂದನ್ನು ಹೊಲಿಯುತ್ತಿದ್ದೇನೆ. ಅಂಚಿನೊಳಗೆ ಪರದೆಗೆ ಹಾಕುವ ಸೀಸದ ಗುಂಡು ಸೇರಿಸುತ್ತೇನೆ. ನೀರಿಗಿಳಿಯುವ ಮುಂಚೆ ಅದನ್ನು ಪೂರ್ತಿ ಒದ್ದೆ ಮಾಡಿಕೋ. ಒಣ ಅಂಗಿಯಲ್ಲಿ ಇಳಿದರೆ ಒಳಗೆ ಗಾಳಿ ತುಂಬುತ್ತದೆ. ಮುಳುಗಿದೊಡನೆ ಅದು ಕೊಡೆಯಂತೆ ಬಿಚ್ಚಿಕೊಂಡು ಹೆಗಲವರೆಗೆ ಏರಿಬಿಡುತ್ತದೆ. ಕೈಯಿಂದ ಎಳೆದು ಹಿಡಿದುಕೊಂಡರೆ ಮುಳುಗಿದ್ದು ಲೆಕ್ಕಕ್ಕಿಲ್ಲ, ಬಿಡು ಎನ್ನುತ್ತಾರೆ. ಬಿಡುವವರೆಗೂ ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಾರೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.